ಹಡಗ ಭೀಮಪ್ಪನ ಕೆಂಪು ದಡಿ

ಶಿವರಾತ್ರಿಯ ಮರುದಿನ, ಬುಧವಾರ, ಬೆಳಿಗ್ಗೆ ಏಳೂವರೆ ಗಂಟೆ. ಸ್ಥಳ, ಹಿಪ್ಪರಗಿಯ ಹೊಳೆದಂಡೆಯ ದವಾಖಾನೆ. ಹಾಜರಿದ್ದವರು: ನಾನು, ಕಂಪೌಂಡರ್ ದತ್ತೋಪಂತರು, ಗೋಡೆ ಬದಿಯ ಮಂಚದ ಮೇಲೆ ಭೀಮಪ್ಪಜ್ಜ. ಅಜ್ಜನ ತಲೆಯ ಕೆಳಗೆ ದಿಂಬಿನ ಬದಲು ಮಡಚಿಟ್ಟ ಒಂದು ಹಾಯಿ. ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ವಾರ ಅದು.

ಮೊದಲು ವೇಳೆ, ಆಮೇಲೆ ಹಾಜರಿದ್ದವರು, ಆಮೇಲೆ ರೋಗ. ಮಿರಜಿನಲ್ಲಿ ನರ್ಸ್ ಕೆಲಸ ಕಲಿಯುವಾಗ ನಮಗೆ ಹೀಗೆ ಬರೆಯಲು ಕಲಿಸಿದ್ದರು. ಈ ವಯಸ್ಸಿನಲ್ಲೂ ನನಗೆ ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ.

ನಾನು ಅಜ್ಜನ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದೆ. ಉಸಿರು ಎಣಿಸುತ್ತಿದ್ದೇನೆಂದು ಅವನಿಗೆ ತಿಳಿಯಿತು.

“ಎಷ್ಟು ಹುಟ್ಟು ಬಿತ್ತರಿ ಬಾಯಾರ?” ಎಂದ. ನರ್ಸ್ ಎಂದು ಊರವರೆಲ್ಲ ನನ್ನನ್ನು ಬಾಯಾರು ಎಂದೇ ಕರೆಯುತ್ತಿದ್ದರು.

ದೋಣಿಯವರು ಹುಟ್ಟು ಹಾಕಿದ್ದನ್ನು ಎಣಿಸಿದಂತೆ ನಾನು ಉಸಿರು ಎಣಿಸುತ್ತೇನೆಂದು ಅವನ ತಮಾಷೆ. ಮೂವತ್ತೆಂಟು ಎಂದೆ.

“ಹಂಗಾರ ಎದುರ ನೀರಾಗ ಹೊಂಟೀನಿ,” ಎಂದು ಕಣ್ಣು ಮುಚ್ಚಿದ.

ನಾನು ಹಿಡಿದಿದ್ದ ಆ ಬಲಗೈ ಊರಿನಲ್ಲೆಲ್ಲ ಬೇರೆ ಯಾರಿಗೂ ಇಲ್ಲದಂಥ ಕೈ. ಅದರ ಮೇಲೆ ಮೂರು ಬಗೆಯ ಜಡ್ಡುಗಳಿದ್ದವು. ಯುದ್ಧದ ದಿನಗಳಲ್ಲಿ ನಾನು ಈ ದವಾಖಾನೆಗೆ ಬಂದ ಹೊಸತರಲ್ಲಿ ಬೆರಳಿಗೆ ಕೀವಾಗಿ ಅವನು ಬಂದಿದ್ದ. ತೊಳೆದು ಪಟ್ಟಿ ಕಟ್ಟುವಾಗ, ಇಷ್ಟೊಂದು ಜಡ್ಡು ಹೇಗಾಯಿತೆಂದು ಕೇಳಿದೆ. ಕೇಳಬಾರದಿತ್ತು. ಹೊರಗೆ ಹನ್ನೆರಡು ಮಂದಿ ಕಾಯುತ್ತಿದ್ದರು.

ಬೆರಳುಗಳ ಬುಡದಲ್ಲಿದ್ದ ಗುಂಡನೆಯ ಜಡ್ಡು ದೋಣಿಯ ಹುಟ್ಟಿನದು. ಅಂಬಿಗರ ಮನೆಯಲ್ಲಿ ಹುಟ್ಟಿದವನು. ಹಿಪ್ಪರಗಿಯ ಕಡವಿನಲ್ಲಿ ಮೀಸೆ ಬರುವವರೆಗೆ ದೋಣಿಗೆ ಹುಟ್ಟು ಹಾಕಿದ್ದ. ಅಂಗೈಗೆ ಅಡ್ಡಲಾಗಿ ಚಾಕುವಿನಿಂದ ಗೀರಿದಂತಿದ್ದದ್ದು ಹಾಯಿಯ ಹಗ್ಗದ್ದು. ತಂದೆಯ ಜೊತೆ ಜಗಳವಾಡಿ ಘಟ್ಟ ಇಳಿದು ರತ್ನಾಗಿರಿಯ ಕಡೆ ಹೋಗಿ, ಉಪ್ಪು ಹೆಂಚು ಸಾಗಿಸುವ ಹಾಯಿಹಡಗಿನಲ್ಲಿ ಏಳು ವರ್ಷ ಇದ್ದ. ಹೆಬ್ಬೆರಳಿನ ಕವಲಿನಲ್ಲಿ ಕಪ್ಪಾಗಿ ಕಟ್ಟಿದ್ದ ಮೂರನೆಯದು ಸಲಿಕೆಯದು. ಮುಂಬಯಿಗೆ ಹೋಗಿ ಆಗಬೋಟಿನ, ಅಂದರೆ ಉಗಿಹಡಗಿನ, ಹೊಟ್ಟೆಯಲ್ಲಿ ನಿಂತು, ಒಲೆಗೆ ಕಲ್ಲಿದ್ದಲು ತುಂಬುತ್ತ ಹದಿನಾಲ್ಕು ವರ್ಷ ಕಳೆದಿದ್ದ. ಮೊಣಕೈವರೆಗಿನ ಸುಟ್ಟ ಕಲೆಗಳೂ, ಕೊನೆಗೆ ಅವನನ್ನು ಆ ಮಂಚಕ್ಕೆ ತಂದ ಕೆಮ್ಮೂ ಅಲ್ಲಿಯವೇ.

ಊರಿಗೆ ಮರಳಿದ ಮೇಲೆ ಜನ ಅವನನ್ನು ಹಡಗ ಭೀಮಪ್ಪ ಎಂದು ಕರೆದರು. ಕಡವು ಅಷ್ಟರಲ್ಲಿ ತಮ್ಮ ಯಲ್ಲಪ್ಪನ ಕೈಯಲ್ಲಿತ್ತು. ಅಜ್ಜ ಅದನ್ನು ಕೇಳಲಿಲ್ಲ. ದಂಡೆಯ ಮೇಲೆ ಕೂತು ದೋಣಿಯ ಬಿರುಕಿಗೆ ಅರಿವೆ ತುರುಕಿ ಡಾಂಬರು ಬಳಿಯುತ್ತ, ಕಾಯುವ ಜನಕ್ಕೆ ಹಡಗಿನ ಕಥೆ ಹೇಳುತ್ತಿದ್ದ.

ಯಾವ ವಸ್ತುವನ್ನು ಕಂಡರೂ ಅವನದು ಒಂದೇ ಪ್ರಶ್ನೆ. “ಇದನ್ನ ಯಾವುದು ನಡಸತೈತಿ?” ಎತ್ತಿನ ಗಾಡಿ, ಹಿಟ್ಟಿನ ಗಿರಣಿ, ಮುಧೋಳದ ಬೇಟೆನಾಯಿ, ಸಂಸ್ಥಾನದ ಕಚೇರಿ, ಎಲ್ಲಕ್ಕೂ ಅದೇ ಪ್ರಶ್ನೆ. ಅವನ ಲೆಕ್ಕದಲ್ಲಿ ಹಡಗು ನಡೆಸುವವು ಮೂರೇ: ತೋಳು, ಗಾಳಿ, ಬೆಂಕಿ. ಹಾಯಿಹಡಗು ನಡೆಸುತ್ತಿದ್ದ ಮುದುಕ ತಾಂಡೇಲನಿಂದ ಅವನು ಬಹಳ ಹಳೆಯ ಕಾಲದ ಮಾತು ಕೇಳಿದ್ದ. ಆಗಿನ ದೊಡ್ಡ ಹಡಗುಗಳಲ್ಲಿ ಸಾಲುಸಾಲಾಗಿ ಜನರನ್ನು ಕೂರಿಸಿ, ನಗಾರಿಯ ಪೆಟ್ಟಿಗೆ ಸರಿಯಾಗಿ ಹುಟ್ಟು ಎಳೆಸುತ್ತಿದ್ದರಂತೆ. ಕೆಲವು ಕಡೆ ಅವರ ಕಾಲಿಗೆ ಸರಪಳಿ ಹಾಕುತ್ತಿದ್ದರಂತೆ. ಇದನ್ನು ಹೇಳುವಾಗ ಅವನ ದನಿ ಇಳಿಯುತ್ತಿತ್ತು. “ಗಾಳಿ ಅನ್ನೂದು ಆ ಮಂದೀನ ಬಿಡಸೇತ್ರಿ,” ಎನ್ನುತ್ತಿದ್ದ. ಗಾಳಿಗೆ ಕಾಯುವುದೆಂದರೇನು ಎಂದು ರೈತರಿಗೆ ಅವನು ವಿವರಿಸಬೇಕಾಗಿರಲಿಲ್ಲ. ಕಣದಲ್ಲಿ ರಾಶಿ ತೂರಲು ಮೊರ ಹಿಡಿದು ನಿಂತವರಿಗೆ ಅದು ಗೊತ್ತು. ಸಮುದ್ರದಲ್ಲೂ ಹಾಗೆಯೇ, ಒಂದೊಂದು ಸಲ ನಾಲ್ಕು ದಿನ ನಿಂತಲ್ಲೇ ನಿಲ್ಲುತ್ತಿದ್ದರು.

ಆಗಬೋಟಿನ ಬಾಯ್ಲರನ್ನು ಅವನು ಬೆಲ್ಲದ ಗಾಣದ ಒಲೆಗೆ ಹೋಲಿಸುತ್ತಿದ್ದ. ಅಲ್ಲಿ ಒಬ್ಬ ಬೆವರು ಸುರಿಸುತ್ತ ಒಲೆಯ ಬಾಯಿಗೆ ಕಬ್ಬಿನ ರವದಿ ತುಂಬುವಂತೆ ಹಡಗಿನಲ್ಲಿ ಹತ್ತಾರು ಜನ ಕಲ್ಲಿದ್ದಲು ತುಂಬುತ್ತಾರೆ. ಗಾಣದಲ್ಲಿ ಆವಿ ಸುಮ್ಮನೆ ಮೇಲೆ ಹೋಗುತ್ತದೆ, ಹಡಗಿನಲ್ಲಿ ಅದನ್ನು ಕೊಳವೆಯಲ್ಲಿ ಹಿಡಿದು ದುಡಿಸುತ್ತಾರೆ, ಅಷ್ಟೇ ವ್ಯತ್ಯಾಸ. ಮೊದಮೊದಲ ಆಗಬೋಟುಗಳಿಗೆ ಎರಡೂ ಪಕ್ಕದಲ್ಲಿ ನೀರು ಬಡಿಯುವ ದೊಡ್ಡ ಗಾಲಿಗಳಿದ್ದವಂತೆ. ಬೆಂಕಿಯನ್ನು ಪೂರ್ತಿ ನಂಬದೆ ಆ ಹಡಗುಗಳ ಮೇಲೆ ಹಾಯಿಯನ್ನೂ ಇಟ್ಟುಕೊಂಡಿರುತ್ತಿದ್ದರಂತೆ. ಈ ಮಾತು ಅವನಿಗೆ ಬಹಳ ಪ್ರೀತಿಯದು. “ಶಾಣ್ಯಾ ಮಂದಿ. ಒಂದರ ಮ್ಯಾಲ ಯಾವತ್ತೂ ನಂಬಗಿ ಇಡಲಿಲ್ಲ,” ಎನ್ನುತ್ತಿದ್ದ.

ಮನುಷ್ಯರನ್ನೂ ಅವನು ಹೀಗೆಯೇ ವಿಂಗಡಿಸುತ್ತಿದ್ದ. ವಾರಕ್ಕೊಮ್ಮೆ ಬರಬೇಕಾದ ಡಾಕ್ಟರು ಗಾಳಿಯ ಮಂದಿ. ಜಮಖಂಡಿಯಿಂದ ಗಾಳಿ ಬೀಸಿದರೆ ಬರುತ್ತಾರೆ. ದತ್ತೋಪಂತರು ಬೆಂಕಿಯ ಮಂದಿ. ಹೊಟ್ಟೆಗೆ ಚಹಾ ಬಿದ್ದಷ್ಟು ಹೊತ್ತು ನಡೆಯುತ್ತಾರೆ. ನಾನು ಯಾವುದೆಂದು ಕೇಳಿದೆ.

“ನೀವು ಹುಟ್ಟಿನ ಮಂದಿ ಬಾಯಾರ. ಹಾಕಿದಷ್ಟ ಹೋಗ್ತೀರಿ. ಆದ್ರ ಹಾಕೂದು ಬಿಡೂದಿಲ್ಲ.”

ಆ ದಿನ ನನಗೆ ಸಿಟ್ಟು ಬಂದಿತ್ತು.

ನಮ್ಮ ದವಾಖಾನೆಗೆ ಆಚೆ ದಂಡೆಯ ಹಳ್ಳಿಗಳೂ ಸೇರಿದ್ದವು. ಅಲ್ಲಿ ಹೆರಿಗೆ ಕಷ್ಟವಾದರೆ ಒಂದು ಗಳಕ್ಕೆ ಬಿಳಿ ಧೋತರ ಕಟ್ಟಿ ದಂಡೆಯ ಮೇಲೆ ಎತ್ತುತ್ತಿದ್ದರು. ಈಚೆಯಿಂದ ಅದನ್ನು ಕಂಡವರು ಓಡಿ ಬಂದು ನನಗೆ ಹೇಳುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ದಾಟಲು ಅರ್ಧ ತಾಸು ಸಾಕು. ಮಳೆಗಾಲದಲ್ಲಿ ಹಾಗಲ್ಲ. ಸೆಳವಿಗೆ ಸಿಕ್ಕಿದ ದೋಣಿ ಕೆಳಗೆ ಕೊಚ್ಚಿಹೋಗುತ್ತದೆ. ಆದ್ದರಿಂದ ಮೊದಲು ನಾಲ್ಕು ಜನ ದಂಡೆಯ ಮೇಲೆ ಹಗ್ಗ ಹಿಡಿದು ದೋಣಿಯನ್ನು ಬಹು ದೂರ ಮೇಲಕ್ಕೆ ಎಳೆಯಬೇಕು; ಅಲ್ಲಿಂದ ಬಿಟ್ಟರೆ ದಾಟುವಷ್ಟರಲ್ಲಿ ಅದು ತಾನಾಗಿ ಆಚೆ ಕಡವಿಗೆ ಬಂದು ನಿಲ್ಲುತ್ತದೆ.

ಯುದ್ಧ ಮುಗಿದ ವರ್ಷದ ಶ್ರಾವಣದಲ್ಲಿ ಬೆಳಿಗ್ಗೆ ಎಂಟಕ್ಕೆ ಧೋತರ ಏರಿತು. ನಾನು ಚೀಲ ಹಿಡಿದು ಎಂಟೂಕಾಲಿಗೆ ದಂಡೆಯಲ್ಲಿದ್ದೆ. ಕೆಂಪು ನೀರು ಎರೆಮಣ್ಣಿನ ದಂಡೆಯನ್ನೇ ಕಿತ್ತುಕೊಂಡು ಹೋಗುತ್ತಿತ್ತು. ಹಗ್ಗ ಎಳೆಯುವವರ ಕಾಲು ತೊಡೆಯವರೆಗೆ ಹೂತವು. ಯಲ್ಲಪ್ಪನ ಜನ ಎರಡು ಸಲ ಎಳೆದು, ಎರಡು ಸಲವೂ ಅರ್ಧದಲ್ಲಿ ಕೈಬಿಟ್ಟರು. ನಾನು ನಿಂತೇ ಇದ್ದೆ. ಅಜ್ಜ ನನ್ನ ಪಕ್ಕದಲ್ಲಿ ನಿಂತಿದ್ದ. ಮಧ್ಯಾಹ್ನ ನಾಲ್ಕು ಗಂಟೆಗೆ ಆಚೆ ದಂಡೆಯ ಧೋತರ ಇಳಿಯಿತು.

ಅದರ ಅರ್ಥ ನಮ್ಮಿಬ್ಬರಿಗೂ ಗೊತ್ತಿತ್ತು. ಅಜ್ಜ ಅಂದ:

“ಅರ್ಧಾ ಜಗತ್ತಿಗೆ ಹಡಗ ನಡಸೀನ್ರಿ ಬಾಯಾರ. ಇದೊಂದು ಹೊಳಿ ದಾಟಸಾಕ ಆಗಲಿಲ್ಲ.”

ಮರುದಿನ ಅವನು ನಡೆದುಕೊಂಡೇ ಬನಹಟ್ಟಿಗೆ ಹೋದ. ಅಲ್ಲಿ ಸಂಗಪ್ಪ ಎಂಬ ನೇಕಾರ ಅವನ ಬಾಲ್ಯದ ಗೆಳೆಯ. ಅಜ್ಜನ ಯೋಚನೆ ಸರಳವಾಗಿತ್ತು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬಿಡದೆ ಬೀಸುತ್ತದೆ. ಹೊಳೆ ಅಡ್ಡ ದಾಟುವ ದೋಣಿಗೆ ಅದು ಪಕ್ಕದ ಗಾಳಿ. ಪಕ್ಕದ ಗಾಳಿಗೆ ಹಾಯಿಯನ್ನು ಓರೆಯಾಗಿ ಹಿಡಿದರೆ ದೋಣಿ ಮುಂದಕ್ಕೆ ಹಾರುತ್ತದೆ. ದಾಟುವುದು ಬೇಗ ಮುಗಿದರೆ ಸೆಳವಿಗೆ ಕೊಚ್ಚಲು ಹೊತ್ತು ಸಿಗುವುದಿಲ್ಲ. ಅಷ್ಟು ಮೇಲಕ್ಕೆ ಎಳೆಯುವ ಕೆಲಸವೇ ತಪ್ಪುತ್ತದೆ. ಇದಕ್ಕೆ ಬೇಕಾದದ್ದು ದಪ್ಪ ನೂಲಿನ ಬೋಳು ಬಟ್ಟೆ, ಎರಡು ತುಂಡು. ನೂಲು ಸಿಗದ ಕಾಲ. ಸಂಗಪ್ಪ ಉಳಿದ ಪಳಿದ ನೂಲನ್ನೆಲ್ಲ ಹುರಿಮಾಡಿ ಎರಡು ತಿಂಗಳಲ್ಲಿ ನೇಯ್ದು, ತಾನೇ ಹೊತ್ತು ತಂದ.

ಬಟ್ಟೆಯನ್ನು ಬಿಚ್ಚಿದ್ದು ದವಾಖಾನೆಯ ಕಟ್ಟೆಯ ಮೇಲೆ. ಎರಡೂ ತುಂಡುಗಳ ಎರಡೂ ಬದಿಗೆ ಗೇಣಗಲದ ಕೆಂಪು ದಡಿ, ಸೀರೆಗಿರುವಂಥ ಅಂಚು. ಒಂದು ತುದಿಯಲ್ಲಿ ಸೆರಗಿನ ಪಟ್ಟೆಗಳೂ ಇದ್ದವು. ಅಜ್ಜ ಆ ತುದಿಯನ್ನು ಎತ್ತಿ ಹಿಡಿದ.

“ಸಂಗ್ಯಾ, ನಾ ಶೀಡ ಹೇಳಿದ್ದೆ. ಇದು ಸೀರಿ.” ಹಡಗಿನವರು ಹಾಯಿಗೆ ಶೀಡ ಎನ್ನುತ್ತಾರೆ.

“ದಡಿ ಇಲ್ಲದ ಅರಿವಿ ನಮ್ಮ ಮಗ್ಗದಾಗ ಹುಟ್ಟಿಲ್ಲೋ ಮಾರಾಯಾ. ಬ್ಯಾಡ ಅಂದ್ರೂ ಕೈ ತಾನ ಹಾಕ್ತೈತಿ,” ಎಂದ ಸಂಗಪ್ಪ.

“ದೋಣಿಗೆ ಸೆರಗ ಯಾಕಲೇ?”

“ಹೊಳಿ ಮ್ಯಾಲ ಹೋಗೂದಲ್ಲೇನು? ಆಕಿ ಹೆಣ್ಣದೇವ್ರು. ಆಕಿ ಮುಂದ ಬೋಳ ಅರಿವಿ ತಗೊಂಡು ಹೆಂಗ ಹೋಗ್ತಿ?”

ಸಮುದ್ರದ ಹಾಯಿಯಲ್ಲಿ ಒಂದು ನೂಲೂ ಹೆಚ್ಚಿಗೆ ಇರುವುದಿಲ್ಲ, ಶೋಕಿಗೆ ಹಾಕಿದ ಭಾರವನ್ನು ಗಾಳಿ ಹೊರುವುದಿಲ್ಲ ಎಂದು ಅಜ್ಜ ಕೂಗಾಡಿದ. ನಿನ್ನ ಕೈಗೆ ಬುದ್ಧಿಯಿಲ್ಲ ಎಂದ. ಸಂಗಪ್ಪ ಊಟ ಮಾಡದೆ ಎದ್ದು ಹೋದ. ದಡಿ ಕತ್ತರಿಸಿದರೆ ಬಟ್ಟೆಯ ಎಳೆ ಬಿಚ್ಚುತ್ತದೆ. ಬೇರೆ ಬಟ್ಟೆ ಸಿಗುವ ಕಾಲವಲ್ಲ. ಅಜ್ಜ ಎರಡು ತುಂಡುಗಳ ದಡಿಗೆ ದಡಿ ಸೇರಿಸಿ ಹೊಲಿದ. ಹಾಯಿಯ ನಡುವೆ ಮೇಲಿನಿಂದ ಕೆಳಗಿನವರೆಗೆ ಕೆಂಪು ದಾರಿಯೊಂದು ಬಂತು. ಬಟ್ಟೆ ಒಗೆಯುವ ಹೆಂಗಸರು ಅವನನ್ನು ಬಿಡಲಿಲ್ಲ. “ಅಜ್ಜಾ, ದೋಣಿಗೆ ಸೀರಿ ಉಡಿಸೀದಿ, ಉಡಿ ಯಾವಾಗ ತುಂಬೂದು?” ಎಂದು ದಿನಾ ಕೇಳಿದರು. ಅವನು ಡಾಂಬರಿನ ಕುಂಚ ಎತ್ತಿ ಹೆದರಿಸುತ್ತಿದ್ದ.

ಮುಂದಿನ ಶ್ರಾವಣ, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಆಚೆ ದಂಡೆಯಲ್ಲಿ ಧೋತರ ಏರಿತು.

ನೀರು ಹಿಂದಿನ ವರ್ಷದಷ್ಟೇ ಇತ್ತು. ಯಲ್ಲಪ್ಪ ದೋಣಿಯ ಹಗ್ಗ ಬಿಚ್ಚಲು ಒಪ್ಪಲಿಲ್ಲ. ಮುತ್ತಜ್ಜನ ಕಾಲದಿಂದ ಈ ಕಡವಿನಲ್ಲಿ ಯಾರೂ ಹಾಯಿ ಎತ್ತಿಲ್ಲ. ಸಮುದ್ರಕ್ಕೆ ದಂಡೆಯಿಲ್ಲ, ಹೊಳೆಗಿದೆ. ಎಲ್ಲಿ ಬಡಿದರೂ ದೋಣಿ ಸೀಳುತ್ತದೆ ಎಂದ. ಅವನ ಮಾತು ತಪ್ಪಾಗಿರಲಿಲ್ಲ.

“ಬಾಯಾರ್ನ ಮುಳುಗಿಸಿದ್ರ ನಾ ಯಾರಿಗೆ ಏನ್ ಹೇಳ್ಲಿ ಅಣ್ಣಾ?”

“ಮುಳುಗಿದ್ರ ಬಾಯಾರು ಬಂದು ನಿನ್ನ ಕೇಳೂದಿಲ್ಲ ಬಿಡು.”

ನಾನು ಗಡಿಯಾರ ನೋಡಿದೆ. ಒಂಬತ್ತು ಇಪ್ಪತ್ತು. ಹಿಂದಿನ ವರ್ಷ ಇಳಿದ ಧೋತರ ನನ್ನ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ. ಯಾರನ್ನೂ ಕೇಳದೆ ದೋಣಿ ಹತ್ತಿ ಕೂತೆ. ಯಲ್ಲಪ್ಪ ನನ್ನನ್ನು ನೋಡಿ, ಅಣ್ಣನನ್ನು ನೋಡಿ, ಹಿಂದಿನ ಉದ್ದ ಹುಟ್ಟನ್ನು ಕೈಗೆತ್ತಿಕೊಂಡ. “ಇದನ್ನ ನಾ ಹಿಡೀತೀನಿ. ಆ ಸೀರಿ ನೀ ಹಿಡಿ,” ಎಂದ.

ದಂಡೆ ಗಟ್ಟಿಯಿದ್ದಷ್ಟು ದೂರ, ಎಂದಿನ ಕಾಲುಭಾಗ ಮಾತ್ರ, ಮೇಲಕ್ಕೆ ಎಳೆದು ಬಿಟ್ಟರು. ಅಜ್ಜ ಬೆರಳು ನೆಕ್ಕಿ ಗಾಳಿಗೆ ಹಿಡಿದ. ಹಾಯಿ ಎತ್ತಿದ. ಅದು ಎರಡು ಸಲ ಪಟಪಟ ಬಡಿದು ಒಮ್ಮೆಗೇ ಹೊಟ್ಟೆ ತುಂಬಿಕೊಂಡಿತು. ದೋಣಿ ಬಲಕ್ಕೆ ವಾಲಿತು. ಕೆಂಪು ನೀರು ನನ್ನ ಮೊಣಕೈಯ ಪಕ್ಕದಲ್ಲೇ ಓಡಿತು. ಹಾಯಿಯ ಕೆಳತುದಿಯ ಹಗ್ಗವನ್ನು ಅವನು ಕಂಬಕ್ಕೆ ಕಟ್ಟಲಿಲ್ಲ. ಅಂಗೈಗೆ ಸುತ್ತಿ ಹಿಡಿದಿದ್ದ. ಕಟ್ಟಿದರೆ ಗಾಳಿ ಜೋರಾದಾಗ ದೋಣಿ ಮಗುಚುತ್ತದೆ, ಕೈಯಾದರೆ ಬಿಟ್ಟು ಹಿಡಿಯುತ್ತದೆ.

“ತೋಳೂ ಹತ್ತೇತಿ, ಗಾಳೀನೂ ಹತ್ತೇತಿ,” ಎಂದು ನನ್ನ ಕಡೆ ತಿರುಗದೆಯೇ ಅಂದ. “ಬೆಂಕಿ ನಿಮ್ಮ ಚೀಲದಾಗ ಐತಿ. ತೋಯಿಸಬ್ಯಾಡ್ರಿ ಬಾಯಾರ.”

ಹೆರಿಗೆಯ ಸಲಕರಣೆ ಕುದಿಸಲು ನಾನು ಒಯ್ಯುತ್ತಿದ್ದ ಸ್ಪಿರಿಟ್ ದೀಪ ಅದು. ಚೀಲವನ್ನು ಎದೆಗೆ ಅವಚಿಕೊಂಡೆ.

ನಡುಹೊಳೆಯಲ್ಲಿ ಗಾಳಿ ಒಮ್ಮೆಗೇ ಏರಿತು. ಕೋವಿ ಹಾರಿಸಿದಂಥ ಸದ್ದು. ಹಾಯಿಯ ಹೊರಗಿನ ತುಂಡು ಅಂಚಿನ ದಡಿಯಲ್ಲಿ ಹಗ್ಗದ ಗಂಟಿಗೆ ತೂತು ಮಾಡಿದ್ದ ಕಡೆ ಒಡೆದು ಒಳಕ್ಕೆ ಹರಿಯತೊಡಗಿತು. ಬಟ್ಟೆ ಅಡ್ಡಕ್ಕೆ ಸೀಳುತ್ತ ಬರುವುದನ್ನು ನಾನು ಕೂತಲ್ಲಿಂದ ನೋಡಿದೆ. ಪೂರ್ತಿ ಹರಿದಿದ್ದರೆ ನಾವು ಸೆಳವಿನ ಪಾಲು, ಕೆಳಗೆ ಬಂಡೆಗಳಿದ್ದವು. ಸೀಳು ಓಡಿ ಬಂದು ನಡುವಿನ ಕೆಂಪು ದಡಿಗೆ ಮುಟ್ಟಿತು. ಅಲ್ಲಿ ನಿಂತಿತು. ಹರಿದ ಅರ್ಧ ಬಾವುಟದಂತೆ ಹಾರಾಡಿತು. ಉಳಿದ ಅರ್ಧ ಗಾಳಿ ಹಿಡಿದುಕೊಂಡೇ ಇತ್ತು. ಯಲ್ಲಪ್ಪ ಹಲ್ಲು ಕಚ್ಚಿ ಹುಟ್ಟಿಗೆ ಬಿದ್ದ. ಕಡವಿನಿಂದ ಬಹಳ ಕೆಳಗೆ, ಜಾಲಿಗಿಡಗಳ ನಡುವೆ ದೋಣಿ ಮಣ್ಣಿಗೆ ಹತ್ತಿತು.

ಕೆಸರಿನಲ್ಲಿ ಮುಕ್ಕಾಲು ತಾಸು ನಡೆದೆ. ಬಸುರಿಯ ಹೆಸರು ಕಾಶವ್ವ, ಚೊಚ್ಚಲ ಹೆರಿಗೆ, ಮಗು ಅಡ್ಡಲಾಗಿತ್ತು. ಹನ್ನೆರಡು ಇಪ್ಪತ್ತಕ್ಕೆ ಹೆಣ್ಣು ಮಗು ಅತ್ತಿತು. ತಾಯಿ ಉಳಿದಳು. ಧೋತರವನ್ನು ಅವರೇ ಇಳಿಸಿದರು, ಈ ಸಲ ನಗುತ್ತ.

ನಾನು ದೋಣಿಗೆ ಮರಳಿದಾಗ ಅಜ್ಜ ಹಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಅಂಗೈಯ ಚರ್ಮ ಹಗ್ಗದೊಂದಿಗೇ ಎದ್ದು ಹೋಗಿತ್ತು. ಪಟ್ಟಿ ಕಟ್ಟಲು ಕೈ ಹಿಡಿದರೆ ಅವನಿಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಎಡಗೈ ಬೆರಳಿನಿಂದ ದಡಿಯ ಎಳೆಗಳನ್ನು ಎಣಿಸುತ್ತಿದ್ದ. ಬಟ್ಟೆಯ ಒಡಲಿಗಿಂತ ದಡಿಯಲ್ಲಿ ಎಳೆ ಒತ್ತಾಗಿರುತ್ತವೆ. ಎರಡು ದಡಿ ಒಂದರ ಮೇಲೊಂದು ಹೊಲಿದಿದ್ದರಿಂದ ಇನ್ನೂ ಒತ್ತು. “ಸಮುದ್ರದಾಗ ಶೀಡದ ಸುತ್ತ ಹಗ್ಗ ಹೊಲೀತಾರ್ರಿ, ಹರೀಬಾರದಂತ. ನಡುವ ಹೊಲಿಯೂದು ಯಾರಿಗೂ ತಿಳೀಲಿಲ್ಲ,” ಎಂದ. ಆಮೇಲೆ ಮೆಲ್ಲಗೆ, “ಆ ಸಂಗ್ಯಾ ನನ್ನ ಮನ್ಯಾಗ ಊಟಾ ಮಾಡದ ಹೋದ,” ಎಂದ.

ಗಾಯ ಒಣಗುವ ಮೊದಲೇ ಅವನು ಬನಹಟ್ಟಿಗೆ ಹೋದನೆಂದು ಆಮೇಲೆ ಸಂಗಪ್ಪನೇ ನನಗೆ ಹೇಳಿದ. ಹರಿದ ಹಾಯಿಯನ್ನು ಮಗ್ಗದ ಮುಂದೆ ಹಾಸಿ, ತಲೆಯ ರುಮಾಲು ತೆಗೆದು ಅದರ ಮೇಲಿಟ್ಟನಂತೆ. ಸಂಗಪ್ಪ ಮಗ್ಗದ ಕುಣಿಯಿಂದ ಎದ್ದು ಆ ರುಮಾಲನ್ನು ಅವನ ತಲೆಗೆ ಸುತ್ತಿ, “ನಾ ಏನೂ ಮಾಡಿಲ್ಲಪಾ, ಕೈ ಮಾಡೇತಿ,” ಎಂದನಂತೆ. ಅಂದು ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಹರಿದ ತುಂಡಿನ ಬದಲು ಸಂಗಪ್ಪ ಹೊಸದನ್ನು ನೇಯ್ದು ಕೊಟ್ಟ, ದಡಿಯ ಸಮೇತ. ಆ ಹಾಯಿ ಮುಂದಿನ ಮಳೆಗಾಲದಲ್ಲೂ ನನ್ನನ್ನು ದಾಟಿಸಿತು. ಆಮೇಲೆ ಅಜ್ಜನ ಎದೆ ಕೈಕೊಟ್ಟಿತು.

ಮಂಚದ ಬಳಿಗೆ ಮರಳುತ್ತೇನೆ. ಒಂಬತ್ತು ಗಂಟೆಗೆ ಅವನು ಕಣ್ಣು ತೆರೆದ. ಯಲ್ಲಪ್ಪ ಬಂದು ಕಾಲ ಬಳಿ ಕೂತಿದ್ದ. ಸಂಸ್ಥಾನ ಹೋಯಿತಂತೆ, ಖರೆಯೇ ಎಂದು ಅಜ್ಜ ಕೇಳಿದ. ಖರೆ ಎಂದೆ.

“ಅದನ್ನ ಯಾವುದು ನಡಸತಿತ್ತಂತ ಕಡೀತನಕಾ ನಂಗ ತಿಳೀಲಿಲ್ಲ ನೋಡ್ರಿ.”

ದತ್ತೋಪಂತರು ಗೋಡೆಯ ಕಡೆ ತಿರುಗಿ ನಕ್ಕರು. ಅಜ್ಜ ತಲೆಯ ಕೆಳಗಿನ ಹಾಯಿಯನ್ನು ಕೈಯಿಂದ ಸವರಿದ. ಯುದ್ಧಕಾಲದ ಬಟ್ಟೆ ಕಂಟ್ರೋಲಿನ ದಿನಗಳಿಂದಲೂ ಕೂಸು ಸುತ್ತಲು ಬಟ್ಟೆಯಿಲ್ಲವೆಂದು ನಾನು ಗೊಣಗುತ್ತಿದ್ದುದು ಅವನ ನೆನಪಿನಲ್ಲಿತ್ತು.

“ಇದನ್ನ ಹರಕೋರಿ ಬಾಯಾರ. ತೊಳದು ತೊಳದು ಮೆತ್ತಗಾಗೇತಿ. ದಡೀನ ಹರ್ಯಾಕ ಹೋಗಬ್ಯಾಡ್ರಿ ಮತ್ತ. ಅದು ಹರಿಯೂದಿಲ್ಲ.”

ಹಾಯಿಯಿಲ್ಲದೆ ಮಳೆಗಾಲದಲ್ಲಿ ನನ್ನನ್ನು ದಾಟಿಸುವವರು ಯಾರು ಎಂದು ಕೇಳಿದೆ. ಅವನು ತಮ್ಮನ ಕಡೆ ನೋಡಿದ. ಯಲ್ಲಪ್ಪ ತಲೆ ತಗ್ಗಿಸಿ, ಬನಹಟ್ಟಿಗೆ ಹೇಳಿ ಕಳಿಸಿದ್ದೇನೆ, ಹೊಸದು ಮಗ್ಗದ ಮೇಲಿದೆ ಎಂದ. ಮುತ್ತಜ್ಜನ ಕಾಲದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಅಜ್ಜ ತೋರುಬೆರಳನ್ನು ತುಟಿಗೆ ಒತ್ತಿ, ಕಿಟಕಿಯ ಕಡೆ ಎತ್ತಿ ಹಿಡಿದ. ಗಾಳಿ ಎಲ್ಲಿಂದ ಎಂದು ಹೇಳಲಿಲ್ಲ. ಕೈ ತಾನಾಗಿ ಇಳಿಯಿತು. ಹತ್ತು ಗಂಟೆ ಐವತ್ತು ನಿಮಿಷ.

ಒಂದು ಗಂಟೆಗೆ ಅವನನ್ನು ಒಯ್ದರು. ಸಂಗಪ್ಪ ಬನಹಟ್ಟಿಯಿಂದ ಬರುವಷ್ಟರಲ್ಲಿ ಎರಡಾಗಿತ್ತು. ಬರಿದಾದ ಮಂಚವನ್ನು ನೋಡಿ, ಹೊಳೆಯ ಕಡೆ ಹೋದ. ಎರಡೂವರೆಗೆ ಮಂಚ ತೊಳೆಸಿದೆ. ಮೂರರಿಂದ ನಾಲ್ಕು, ಕಾದಿದ್ದ ಆರು ರೋಗಿಗಳು. ನಾಲ್ಕಕ್ಕೆ ಹಾಯಿಯನ್ನು ಕಟ್ಟೆಯ ಮೇಲೆ ಹಾಸಿದೆ. ಹೊಲಿಗೆ ಬಿಚ್ಚಿದೆ. ಬಟ್ಟೆ ನೆಟ್ಟಗೆ ಹರಿಯಿತು. ಪ್ರತಿ ಸಲವೂ ದಡಿಗೆ ಬಂದು ನಿಂತಿತು. ದಡಿಗಳನ್ನು ಕತ್ತರಿಯಿಂದ ಬೇರೆ ಮಾಡಿ ಉದ್ದಕ್ಕೆ ಹಾಗೆಯೇ ಇಟ್ಟೆ. ತುಂಡುಗಳನ್ನು ಇಪ್ಪತ್ತು ನಿಮಿಷ ಕುದಿಸಿ ಬಿಸಿಲು ಇರುವಾಗಲೇ ಹರವಿದೆ. ಪಡುವಣದಿಂದ ಒಂದಿಷ್ಟು ಗಾಳಿಯಿತ್ತು, ಬೇಗ ಒಣಗಿದವು. ಇಪ್ಪತ್ತೆರಡು ತುಂಡು. ಒಂದರ ಮೇಲೊಂದು ಮಡಚಿ, ಒಂದು ಕೆಂಪು ದಡಿಯಿಂದ ಗಂಟು ಕಟ್ಟಿ, ಹೆರಿಗೆ ಚೀಲದ ಪಕ್ಕದಲ್ಲಿ ಇಟ್ಟೆ. ಆರು ಗಂಟೆ ಹತ್ತು ನಿಮಿಷಕ್ಕೆ ಕಪಾಟು ಮುಚ್ಚಿದೆ.